ಮೆಜೆಸ್ಟಿಕ್ ಸುತ್ತ ಒಂದು ಸಣ್ಣ ಮನೆ: ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ

ಶಿರಸಿಯಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವ ತುಮಕೂರು ರಸ್ತೆ ಹಿಡಿದು ಗೊರಗುಂಟೆಪಾಳ್ಯಕ್ಕೆ ಬರುವ ಹೊತ್ತಿಗೆ ಅರ್ಧ ಬಸ್ಸು ಎದ್ದು ನಿಂತಿರುತ್ತದೆ. ಸೀಟಿನ ಅಡಿಯಿಂದ ತೆಂಗಿನಕಾಯಿ ಚೀಲ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಜೋನಿಬೆಲ್ಲದ ಡಬ್ಬಿ ಒಂದೊಂದಾಗಿ ಹೊರಬರುತ್ತವೆ. ಯಶವಂತಪುರ, ಮಲ್ಲೇಶ್ವರ ಎಂದು ಕೆಲವರು ಇಳಿದು ಹತ್ತು ನಿಮಿಷದಲ್ಲಿ ನಡೆದೇ ಮನೆ ಸೇರುತ್ತಾರೆ. ಉಳಿದವರು ಮೆಜೆಸ್ಟಿಕ್‌ನಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಮತ್ತೊಂದು ಪ್ರಯಾಣ ಶುರು ಮಾಡಬೇಕು.

ಹೋದ ವರ್ಷ ಜೂನ್‌ನಲ್ಲಿ ಅಕ್ಕನ ಮಗನಿಗೆ ಮನೆ ಹುಡುಕಲು ನಾನೂ ಅದೇ ಬಸ್ಸಿನಲ್ಲಿ ಹೋಗಿದ್ದೆ. ಅವನ ಕೆಲಸ ಶೇಷಾದ್ರಿಪುರದಲ್ಲಿ, ಸಂಬಳ ಮೂವತ್ತು ಸಾವಿರದ ಒಳಗೆ. ಫೋನಿನಲ್ಲಿ ಕಂಡ ಬಾಡಿಗೆಗಳನ್ನು ನೋಡಿ ಅಕ್ಕ ಮೊದಲೇ ಸೋತಿದ್ದಳು. ‘ಪೇಟೆ ನಡುವೆ ನಮ್ಮಂಥವರಿಗೆ ಎಲ್ಲಿ ಮನೆ, ದೂರದಲ್ಲಿ ಎಲ್ಲಾದರೂ ನೋಡು’ ಅಂದಳು. ಐದು ದಿನ ಅಲೆದ ಮೇಲೆ, ಅವನ ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮಲ್ಲೇಶ್ವರದ ಒಂದು ಹಿತ್ತಲ ಓಣಿಯಲ್ಲಿ ಮನೆ ಸಿಕ್ಕಿತು. ಯಾವ ಆ್ಯಪ್‌ನಲ್ಲೂ ಇರಲಿಲ್ಲ. ಗೇಟಿಗೆ ಬೋರ್ಡೂ ಇರಲಿಲ್ಲ. ಆ ಐದು ದಿನದಲ್ಲಿ ಕಲಿತದ್ದನ್ನು, ಅದಕ್ಕೂ ಮೊದಲು ನಮ್ಮ ಕಡೆಯ ಹತ್ತಾರು ಮಕ್ಕಳು ಪಟ್ಟ ಪಾಡಿನಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಚೀಲ ಕಟ್ಟುವವರಿಗೆ ಉಪಯೋಗವಾದೀತು.

ಬಾಡಿಗೆಯೊಂದೇ ಲೆಕ್ಕವಲ್ಲ

ಮೊದಲ ತಪ್ಪು ಆಗುವುದು ಇಲ್ಲಿಯೇ. ದೂರದ ಬಡಾವಣೆಯಲ್ಲಿ 9 ಸಾವಿರಕ್ಕೆ ಸಣ್ಣ ಮನೆ ಸಿಕ್ಕಿತು, ಪೇಟೆ ನಡುವೆ ಅಷ್ಟೇ ದೊಡ್ಡದಕ್ಕೆ 13 ಸಾವಿರ ಹೇಳಿದರು ಎಂದಿಟ್ಟುಕೊಳ್ಳಿ. ನಾಲ್ಕು ಸಾವಿರ ಉಳಿಯಿತು ಎಂದು ಎಲ್ಲರೂ ದೂರದ್ದನ್ನೇ ಹಿಡಿಯುತ್ತಾರೆ. 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ಮೆಟ್ರೊ ದರದಂತೆ 15ರಿಂದ 20 ಕಿಲೋಮೀಟರ್ ದೂರಕ್ಕೆ ಒಂದು ಸಲಕ್ಕೆ 70 ರೂಪಾಯಿ. ಹೋಗಿಬರಲು 140, ತಿಂಗಳಿಗೆ 24 ದಿನ ಹಿಡಿದರೆ 3,360. ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದರೂ ಮೂರು ಸಾವಿರ ದಾಟುತ್ತದೆ. ನಿಲ್ದಾಣದಿಂದ ಮನೆವರೆಗೆ ದಿನಕ್ಕೆ 40 ರೂಪಾಯಿ ಆಟೊ ಅಥವಾ ಬಸ್ಸು ಸೇರಿಸಿ, ಇನ್ನೊಂದು ಸಾವಿರ. ಉಳಿತಾಯ ಎಂದುಕೊಂಡದ್ದು ಅಲ್ಲಿಗೆ ಮುಗಿಯಿತು. ದಿನಕ್ಕೆ ಎರಡೂವರೆ ಮೂರು ತಾಸು ರಸ್ತೆಯಲ್ಲಿ ಹೋಗುವುದಕ್ಕೆ ಬೆಲೆ ಕಟ್ಟಿಲ್ಲ. ಸಂಜೆ ಏನಾದರೂ ಕಲಿಯಬೇಕು, ಪರೀಕ್ಷೆ ಕಟ್ಟಬೇಕು ಎನ್ನುವ ಹುಡುಗನಿಗೆ ಆ ಮೂರು ತಾಸೇ ಬಂಡವಾಳ.

ಹೆಣ್ಣುಮಕ್ಕಳ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ನೇರ ಬಸ್ಸಿರುವ ಜಾಗವಾದರೆ ಸ್ವಲ್ಪ ದೂರದ ಮನೆಯೂ ಅವರಿಗೆ ಕೈಗೆಟಕುತ್ತದೆ. ಆದರೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಿಂದ ಮನೆವರೆಗಿನ ಬೀದಿಯಲ್ಲಿ ರಾತ್ರಿ ಒಂಬತ್ತಕ್ಕೆ ದೀಪ ಉರಿಯುತ್ತದೆಯೇ, ಅಂಗಡಿ ತೆರೆದಿರುತ್ತದೆಯೇ ಎಂದು ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ. ಹಗಲು ಹನ್ನೊಂದಕ್ಕೆ ಎಲ್ಲ ಬೀದಿಗಳೂ ಚೆನ್ನಾಗಿಯೇ ಕಾಣುತ್ತವೆ.

ಇನ್ನು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ರೂಢಿ ಬಹಳ ಹಳೆಯದು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 13 ಸಾವಿರದ ಮನೆಗೆ ಹತ್ತು ತಿಂಗಳೆಂದರೆ 1 ಲಕ್ಷ 30 ಸಾವಿರ. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವ ಕಾಲದಲ್ಲಿ ಇದು ಕಷ್ಟವಾದರೂ ಆಗುವ ಮಾತು. ಜೂನ್‌ನಲ್ಲಿ? ಕೊನೆಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಜೂನ್ ಎಂದರೆ ಗೊಬ್ಬರ, ಮದ್ದು ಹೊಡೆಸುವ ಕೂಲಿ, ಮಕ್ಕಳ ಫೀಸು ಎಲ್ಲ ಒಟ್ಟಿಗೇ ಬರುವ, ಸೊಸೈಟಿಯ ಖಾತೆಯಲ್ಲಿ ಏನೂ ಇಲ್ಲದ ತಿಂಗಳು. ಬೆಂಗಳೂರಿನಲ್ಲಿ ಶಾಲೆ ಕಾಲೇಜು ತೆರೆದು ಬಾಡಿಗೆ ಏರುವುದೂ ಮೇ-ಜೂನ್‌ನಲ್ಲಿಯೇ. ನಮ್ಮ ಕೈ ಬರಿದಾದಾಗ ಅವರ ಬೆಲೆ ತುದಿಯಲ್ಲಿರುತ್ತದೆ.

ಅದಕ್ಕೇ ಹೇಳುತ್ತೇನೆ: ಕೆಲಸ ಜೂನ್‌ನಲ್ಲಿ ಸಿಕ್ಕರೆ ಮೊದಲ ಆರು ತಿಂಗಳು ಊರಿನ ಹುಡುಗರ ಜತೆ ಪಾಲಿನಲ್ಲಿರಲಿ, ಸ್ವಂತ ಮನೆ ಆಮೇಲೆ ಹುಡುಕಲಿ. ವರ್ಷದಲ್ಲಿ ಎರಡು ಕಾಲ ಬಾಡಿಗೆದಾರನಿಗೆ ಅನುಕೂಲ. ಒಂದು ಆಷಾಢ, ಇನ್ನೊಂದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸ. ಆ ದಿನಗಳಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಕಡಿಮೆ, ಖಾಲಿ ಬಿದ್ದ ಮನೆ ಖಾಲಿಯೇ ಇರುತ್ತದೆ, ಮಾಲೀಕರು ಬಾಡಿಗೆಯಲ್ಲಿ ಐನೂರು ಸಾವಿರ, ಅಡ್ವಾನ್ಸಿನಲ್ಲಿ ಒಂದೆರಡು ತಿಂಗಳು ಬಿಡಲು ಒಪ್ಪುವುದುಂಟು. ನಿಮಗೆ ಶಾಸ್ತ್ರದ ಮೇಲೆ ನಂಬಿಕೆ ಇದ್ದರೆ ಆಗ ಮಾತು ಮುಗಿಸಿ ಸ್ವಲ್ಪ ಮುಂಗಡ ಕೊಟ್ಟಿಡಿ, ಹಾಲುಕ್ಕಿಸುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಧನುರ್ಮಾಸ ನಮ್ಮ ಕೊಯ್ಲಿನ ಕಾಲವೂ ಹೌದು.

ಪೇಟೆ ನಡುವೆ ಅಗ್ಗದ ಮನೆ ಎಲ್ಲಿ ಇರುತ್ತದೆ

ಇದಕ್ಕೆ ನಗರದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಗಾಳಿ ಬೆಳಕು ಬರಲೆಂದು ಸೈಟುಗಳನ್ನು ದೊಡ್ಡದಾಗಿ ಮಾಡಿದರು, ಎರಡು ಸಾಲು ಮನೆಗಳ ಬೆನ್ನ ನಡುವೆ ಕಿರಿದಾದ ಓಣಿ ಬಿಟ್ಟರು. ಮುಂದಿನ ತಲೆಮಾರುಗಳು ಆ ದೊಡ್ಡ ಸೈಟಿನ ಹಿಂಭಾಗದಲ್ಲಿ ಔಟ್‌ಹೌಸ್ ಕಟ್ಟಿದವು, ಮೇಲೊಂದು ಪೋರ್ಷನ್ ಏರಿಸಿದವು, ಕೆಲವೆಡೆ ಸಾಲಾಗಿ ಐದಾರು ಸಣ್ಣ ಮನೆ ಮಾಡಿ ವಠಾರವಾಗಿಸಿದವು. ಮುಂದಿನ ಮುಖ್ಯರಸ್ತೆಯಲ್ಲಿ ಅಪಾರ್ಟ್‌ಮೆಂಟಿನ ಬಾಡಿಗೆ ಮೂವತ್ತು ನಲವತ್ತು ಸಾವಿರವಾದರೂ ಬೆನ್ನಿನ ಓಣಿಯ ಪೋರ್ಷನ್ನಿಗೆ ಆ ಬೆಲೆ ಇಲ್ಲ. ಲಿಫ್ಟಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಅಡಿಗೆಮನೆ ಹಳೆಯದು. ಕಾರಿಲ್ಲದ ನಮ್ಮ ಹುಡುಗನಿಗೆ ಅದರಿಂದ ಕಳೆದುಕೊಳ್ಳುವುದು ಏನಿದೆ?

ಆದ್ದರಿಂದ ಮುಖ್ಯರಸ್ತೆ ಬಿಟ್ಟು ಬೆನ್ನಿಗೆ ಹೋಗಿ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಯಲ್ಲಿ ನಿಂತು ಕೇಳಿದರೆ ತಲೆ ತಿರುಗುವ ಬೆಲೆ ಹೇಳುತ್ತಾರೆ. ಮಲ್ಲೇಶ್ವರದಿಂದ ರೈಲು ಹಳಿ ದಾಟಿ ಗಾಯತ್ರಿನಗರ, ಸುಬ್ರಹ್ಮಣ್ಯನಗರಕ್ಕೆ ಬಂದರೆ ಅದೇ ಅಳತೆಯ ಮನೆ ಕಡಿಮೆಗೆ ಸಿಗುತ್ತದೆ, ನಡೆದರೆ ಹದಿನೈದು ಇಪ್ಪತ್ತು ನಿಮಿಷದ ವ್ಯತ್ಯಾಸ. ಶ್ರೀರಾಂಪುರ, ಪ್ರಕಾಶನಗರ ಕಡೆ ಇನ್ನೂ ಸಣ್ಣ ಮನೆಗಳಿವೆ. ಹಸಿರು ಮಾರ್ಗದ ಶ್ರೀರಾಂಪುರ, ಮಹಾಕವಿ ಕುವೆಂಪು ರಸ್ತೆ ನಿಲ್ದಾಣಗಳು ಕಾಲ್ನಡಿಗೆಯಲ್ಲಿವೆ. ದಕ್ಷಿಣದಲ್ಲಿ ಕೆಲಸವಿದ್ದವರು ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹುಡುಕುವ ಬದಲು ಹನುಮಂತನಗರ, ಗವಿಪುರ, ಶ್ರೀನಗರ, ಚಾಮರಾಜಪೇಟೆಯ ಒಳಬೀದಿಗಳನ್ನು ನೋಡಬೇಕು. ನಮ್ಮ ಕಡೆಯವರು ಗಿರಿನಗರದ ಸುತ್ತ ಬಹಳ ಮಂದಿ ಇದ್ದಾರೆ. ನೇರಳೆ ಮಾರ್ಗದಲ್ಲಿ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ನಿಲ್ದಾಣಗಳ ಹಿಂದಿನ ಕ್ರಾಸುಗಳಲ್ಲಿ ಒಂದು ಕೋಣೆ, ಅಡಿಗೆಮನೆ, ಬಚ್ಚಲಿನ ಮನೆಗಳು ಬೇಕಾದಷ್ಟಿವೆ. ಅಲ್ಲಿಂದ ಮೆಜೆಸ್ಟಿಕ್ ಎರಡರಿಂದ ಐದು ನಿಲ್ದಾಣ.

ಊರಿಗೆ ಹೋಗಿಬರುವ ದಾರಿಯನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಶಿರಸಿ ಬಸ್ಸು ತುಮಕೂರು ರಸ್ತೆಯಿಂದ ಬರುತ್ತದೆ. ಯಲ್ಲಾಪುರದವರಿಗೆ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುವುದು ಹಗುರ. ಸಿದ್ದಾಪುರದವರಿಗೆ ತಾಳಗುಪ್ಪದಿಂದ ರಾತ್ರಿ ರೈಲಿದೆ. ಮೂರೂ ದಾರಿ ಬಂದು ಸೇರುವುದು ಯಶವಂತಪುರ, ಮೆಜೆಸ್ಟಿಕ್ ಕಡೆಗೇ. ತಿಂಗಳಿಗೊಮ್ಮೆ ಅಪ್ಪ ಅಮ್ಮನನ್ನು ನೋಡಲು ಹೋಗುವ ಮಗನಿಗೆ, ಆಸ್ಪತ್ರೆಗೆಂದು ಬರುವ ಅಜ್ಜನಿಗೆ ಬೆಳಗಿನ ಜಾವ ಐದಕ್ಕೆ ಇಳಿದು ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದರೆ ಎಷ್ಟು ನಿರಾಳ ಎಂದು ಅನುಭವಿಸಿದವರಿಗೇ ಗೊತ್ತು.

ಕೇಳಬೇಕು, ನಡೆಯಬೇಕು

ಆ್ಯಪ್‌ಗಳನ್ನು ಬಿಡಿ ಎಂದು ಹೇಳುವುದಿಲ್ಲ. ಯಾವ ಬಡಾವಣೆಯಲ್ಲಿ ಎಷ್ಟು ಬಾಡಿಗೆ ನಡೆಯುತ್ತಿದೆ ಎಂದು ಊರಲ್ಲಿ ಕುಳಿತೇ ತಿಳಿಯಲು ಅವು ಒಳ್ಳೆಯವು. ಆದರೆ ಅರವತ್ತು ದಾಟಿದ, ಹಿಂದಿನ ಪೋರ್ಷನ್ ಬಾಡಿಗೆಗೆ ಕೊಡುವ ಮನೆಯೊಡತಿ ಅಲ್ಲಿ ಫೋಟೊ ಹಾಕುವುದಿಲ್ಲ. ಅವರು ಹಾಲಿನವನಿಗೆ, ಹೂವಿನವಳಿಗೆ, ಮೂಲೆಯ ದಿನಸಿ ಅಂಗಡಿಯವನಿಗೆ, ಇಸ್ತ್ರಿ ಗಾಡಿಯವನಿಗೆ ಹೇಳಿರುತ್ತಾರೆ. ಹಾಗಾಗಿ ಬೆಳಗ್ಗೆ ಏಳಕ್ಕೆ ಬೀದಿಗಿಳಿಯಿರಿ. ಇಸ್ತ್ರಿ ಗಾಡಿಯವನು ಇಡೀ ಕ್ರಾಸಿನ ಬಟ್ಟೆ ಮುಟ್ಟುವವನು. ಯಾರ ಮನೆಯಿಂದ ಬಟ್ಟೆ ಬರುವುದು ನಿಂತಿದೆ ಎಂದು ಅವನಿಗೆ ತಿಳಿದಿರುತ್ತದೆ. ನಮಗೆ ಮನೆ ಸಿಕ್ಕಿದ್ದು ಅವನಿಂದಲೇ.

ಎರಡನೆಯ ದಾರಿ ಊರಿನವರು. ಮಲ್ಲೇಶ್ವರದ 11ನೇ ಕ್ರಾಸಿನಲ್ಲಿ 1943ರಲ್ಲಿ ಹುಟ್ಟಿದ ಅಖಿಲ ಹವ್ಯಕ ಮಹಾಸಭೆಯ ಭವನವಿದೆ. ಬೇರೆ ಬೇರೆ ಸಮುದಾಯಗಳಿಗೂ ನಗರದಲ್ಲಿ ಸಂಘ, ವಿದ್ಯಾರ್ಥಿನಿಲಯಗಳಿವೆ. ಸಂಘಕ್ಕೆ ಹೋದ ಕೂಡಲೇ ಮನೆ ಕೊಡುತ್ತಾರೆ ಎಂದಲ್ಲ. ಅಲ್ಲಿ ಕಾರ್ಯಕ್ರಮಕ್ಕೆ ಬಂದ ಹತ್ತು ಜನರ ಕಿವಿಗೆ ‘ಹುಡುಗನಿಗೆ ಮನೆ ಬೇಕು, ಇಷ್ಟು ಬಾಡಿಗೆ ಕೊಡಬಲ್ಲ, ಇಲ್ಲಿ ಕೆಲಸ’ ಎಂದು ಹಾಕಿದರೆ ಅದರಲ್ಲಿ ಒಬ್ಬರ ಪಕ್ಕದ ಮನೆ ಖಾಲಿಯಾಗುತ್ತಿರುತ್ತದೆ. ನಗರದಲ್ಲಿ ಎಲ್ಲಾದರೂ ಯಕ್ಷಗಾನ ಇದ್ದರೆ ಹೋಗಿ. ಊರಲ್ಲಿ ಹೇಗೋ ಹಾಗೆ, ಆಟದ ನಡುವೆ ಚಹಾ ಕುಡಿಯುವಾಗ ಆಗುವ ಕೆಲಸ ಹತ್ತು ಫೋನಿಗೂ ಆಗುವುದಿಲ್ಲ.

ಇಲ್ಲಿ ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. ಹಳೆಯ ಬಡಾವಣೆಗಳಲ್ಲಿ ಬಾಗಿಲು ತೆರೆದ ಕೂಡಲೇ ಬರುವ ಪ್ರಶ್ನೆ ‘ನೀವು ಯಾವ ಜನ?’ ಎಂಬುದು. ಉತ್ತರ ಹಿಡಿಸಿದರೆ ಅಡ್ವಾನ್ಸ್ ಕೂಡ ಕಡಿಮೆಯಾಗುತ್ತದೆ, ಹಿಡಿಸದಿದ್ದರೆ ಮನೆ ಆಗಲೇ ಕೊಟ್ಟಾಗಿದೆ ಎನ್ನುತ್ತಾರೆ. ಅಕ್ಕನ ಮಗನ ಜತೆ ಶಿರಸಿಯಲ್ಲಿ ಓದಿದ ಮುಸ್ಲಿಂ ಹುಡುಗನೊಬ್ಬ, ನಮ್ಮೊಂದಿಗೇ ಅದೇ ಓಣಿಗಳಲ್ಲಿ ಅಲೆದ. ನಮಗೆ ತೆರೆದ ಎರಡು ಬಾಗಿಲು ಅವನ ಹೆಸರು ಕೇಳಿದೊಡನೆ ಮುಚ್ಚಿದವು. ಅವನ ಸಂಬಳ ನಮ್ಮ ಹುಡುಗನಿಗಿಂತ ಹೆಚ್ಚಿತ್ತು. ನನಗೆ ತುಂಬಾ ಸಂಕಟವಾಯಿತು. ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಮಕ್ಕಳು, ದಲಿತ ಮಕ್ಕಳು ಇಂಥದ್ದನ್ನು ಅನುಭವಿಸಿ ಹೇಳಿದ್ದನ್ನೂ ಕೇಳಿದ್ದೇನೆ. ಇದಕ್ಕೆ ಸುಲಭದ ಪರಿಹಾರ ನನ್ನಲ್ಲಿಲ್ಲ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಆಸ್ಟಿನ್ ಟೌನ್, ಶಿವಾಜಿನಗರದಂಥ ದಂಡು ಪ್ರದೇಶದ ಹಳೆಯ ಬೀದಿಗಳಲ್ಲಿ ಎಲ್ಲ ಬಗೆಯ ಜನ ತಲೆಮಾರುಗಳಿಂದ ಕೂಡಿ ಬಾಳಿದ್ದಾರೆ, ಅಲ್ಲಿ ಈ ಪ್ರಶ್ನೆಯ ಕಾಟ ಕಡಿಮೆ. ಅವೂ ನಗರದ ನಡುವೆಯೇ ಇವೆ. ಇನ್ನೊಂದು, ಈಗಾಗಲೇ ಮನೆ ಹಿಡಿದು ಮಾಲೀಕರ ವಿಶ್ವಾಸ ಗಳಿಸಿದ ನಮ್ಮವರು ‘ಈ ಹುಡುಗ ನಮ್ಮೂರಿನವನು, ನಾನು ಬಲ್ಲೆ’ ಎಂದು ಎದುರು ನಿಂತು ಹೇಳಬೇಕು. ಆ ಹುಡುಗನಿಗೆ ಕೊನೆಗೆ ಮನೆ ಸಿಕ್ಕಿದ್ದು ಹಾಗೆಯೇ, ಶಿರಸಿಯ ಅವನ ಮೇಷ್ಟ್ರೊಬ್ಬರ ತಮ್ಮ ಬಂದು ಮಾತಾಡಿದ ಮೇಲೆ.

ಬ್ರೋಕರ್ ಹಿಡಿದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್. ಆ ಬೀದಿಯಲ್ಲೇ ಕುರ್ಚಿ ಹಾಕಿ ಕೂತ ಬ್ರೋಕರ್ ವಾಸಿ. ಮನೆ ತೋರಿಸುವ ಮೊದಲೇ ನೋಂದಣಿ ಶುಲ್ಕ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮನೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ‘ನಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಕ್ಯೂಆರ್ ಕೋಡ್ ಕಳಿಸುತ್ತೇನೆ’ ಎನ್ನುವ ಮಾಲೀಕ ಮಾಲೀಕನೇ ಅಲ್ಲ. ಹಣ ನಮ್ಮ ಖಾತೆಗೆ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ಮೋಸ ಹೋದರೆ ಆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈ ಬದಲಾಗುತ್ತ ಹೋಗುತ್ತದೆ.

ನೀರು, ಗೋಡೆ, ಮೀಟರು

ಹೊರಡುವ ಮುನ್ನ ನನ್ನ ಆಯಿ ಮೊಮ್ಮಗನಿಗೆ ಹೇಳಿದ್ದು ಒಂದೇ ಮಾತು: ‘ಮೊದ್ಲು ನೀರು ನೋಡ್ಕ್ಯ ತಮಾ, ಮನೆ ಆಮೇಲೆ.’ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿ, ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರ್ ಸಾಲು ನಿಂತದ್ದನ್ನು ನೋಡಿದವರಿಗೆ ಆಯಿಯ ಮಾತಿನ ತೂಕ ಗೊತ್ತಾಗುತ್ತದೆ. ಹಳೆಯ ಬಡಾವಣೆಗಳಲ್ಲಿ ಕಾವೇರಿ ಸಂಪರ್ಕ ಮೊದಲಿನಿಂದ ಇದೆ. ಪೇಟೆ ನಡುವಿನ ಸಣ್ಣ ಮನೆಯ ದೊಡ್ಡ ಲಾಭ ಇದು.

ಆದರೂ ಕೇಳಿ ನಂಬಬೇಡಿ, ತೆರೆದು ನೋಡಿ. ಆ ಹಿತ್ತಲ ಮನೆಯಲ್ಲಿ ಅಜ್ಜಿಯೊಬ್ಬರು ನಮ್ಮನ್ನು ಕಬ್ಬಿಣದ ಮೆಟ್ಟಿಲು ಹತ್ತಿಸಿ ಮೇಲಕ್ಕೆ ಕರೆದುಕೊಂಡು ಹೋದರು. ಒಂದು ಕೋಣೆ, ಕಡಪಾ ಕಲ್ಲಿನ ಕಟ್ಟೆಯ ಅಡಿಗೆಮನೆ, ಬಟ್ಟೆ ಒಣಗಿಸಲು ಮೊಣಕೈಯಷ್ಟು ಅಗಲದ ಬಾಲ್ಕನಿ. ಅಲ್ಲಿಗೆ ಪಕ್ಕದ ಕಾಂಪೌಂಡಿನ ಹಲಸಿನ ಮರದ ಟೊಂಗೆ ಬಾಗಿತ್ತು. ಹುಡುಗ ಮರ ನೋಡಿಯೇ ಒಪ್ಪಿಬಿಟ್ಟ. ನಾನು ಕೆಳಗಿಳಿದು ‘ಅಮ್ಮಾ, ಸಂಪು ಒಮ್ಮೆ ನೋಡಬಹುದಾ?’ ಅಂದೆ. ಅವರು ಬೇಸರಿಸಲಿಲ್ಲ. ಮುಚ್ಚಳದ ಮೇಲಿದ್ದ ತುಳಸಿ ಕುಂಡ ಸರಿಸಿ, ಕೊಕ್ಕೆ ಹಾಕಿ ಎತ್ತಿ, ‘ನೋಡಿ, ನಿನ್ನೆ ಬಂದಿದ್ದು’ ಎಂದರು. ನೀರು ಕುತ್ತಿಗೆವರೆಗೆ ತುಂಬಿ ತಳದ ಸಿಮೆಂಟು ಕಾಣುವಷ್ಟು ತಿಳಿಯಾಗಿತ್ತು. ವಾರಕ್ಕೆ ಎಷ್ಟು ದಿನ ಕಾವೇರಿ ಬರುತ್ತದೆ, ಎಷ್ಟು ಮನೆಗೆ ಒಂದು ಸಂಪು, ಮೋಟಾರ್ ಹಾಕುವವರು ಯಾರು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು ಎಂಬ ನಾಲ್ಕು ಪ್ರಶ್ನೆಗೂ ಅಲ್ಲಿ ನಿಂತೇ ಉತ್ತರ ಪಡೆದೆ. ಕೆಳಗಿನ ಮನೆಯ ಬಾಡಿಗೆದಾರರನ್ನು ಬೇರೆಯಾಗಿ ಕೇಳಿದಾಗಲೂ ಅದೇ ಉತ್ತರ ಬಂತು.

ಗೋಡೆ ನೋಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಆರು ತಿಂಗಳು ಮಳೆಯಲ್ಲಿ ಬದುಕುವ ನಮಗೆ ಥಂಡಿ ಹಿಡಿದ ಗೋಡೆಯ ವಾಸನೆ ಬಾಗಿಲಲ್ಲೇ ತಿಳಿಯುತ್ತದೆ. ಹೊಸ ಬಣ್ಣ ಬಳಿದಿದ್ದರೆ ಬೀರು ಇಡುವ ಮೂಲೆ, ಬಚ್ಚಲಿಗೆ ತಾಗಿದ ಗೋಡೆ, ತಾರಸಿಯ ಒಳಮೈಯನ್ನು ಕೈಯಿಂದ ಮುಟ್ಟಿ ನೋಡಿ. ನೆಲಮಾಳಿಗೆಗೆ ಹೋಗಲೇಬೇಡಿ. ಹತ್ತಿರದಲ್ಲಿ ರಾಜಕಾಲುವೆ ಇದ್ದರೆ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಎದುರಿನ ಅಂಗಡಿಯಲ್ಲಿ ಕೇಳಿ. ಶೀಟ್ ಹೊದಿಸಿದ ಮನೆ ಅಗ್ಗ ಹೌದು, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರೊಳಗೆ ಕೂರಲಾಗುವುದಿಲ್ಲ.

ಕರೆಂಟಿನ ಮೀಟರು ಬೇರೆ ಇದೆಯೇ ನೋಡಿ. 2023ರ ಜುಲೈಯಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ವಿದ್ಯುತ್ ಉಚಿತ, ಬಾಡಿಗೆದಾರರಿಗೂ ಉಂಟು. ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ಸಂಖ್ಯೆ ಬೇಕು, ಹಿಂದಿನ ಬಾಡಿಗೆದಾರನ ಆಧಾರ್ ಜೋಡಣೆ ತೆಗೆಸಿರಬೇಕು. ಮೂರು ಪೋರ್ಷನ್ನಿಗೆ ಒಂದೇ ಮೀಟರಿದ್ದರೆ ಆ ಅನುಕೂಲ ನಿಮಗೆ ಸಿಗುವುದಿಲ್ಲ, ಮೇಲಿಂದ ಯೂನಿಟ್ಟಿಗೆ ಇಷ್ಟು ಎಂದು ಮಾಲೀಕರಿಗೆ ಕೊಡಬೇಕಾಗುತ್ತದೆ. ತಿಂಗಳಿಗೆ ಐದಾರು ನೂರು ರೂಪಾಯಿಯ ಮಾತು ಇದು.

ಅಡ್ವಾನ್ಸ್, ಭೋಗ್ಯ, ಕಾಗದ

ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಎಂದು ಕಾನೂನಿದೆಯಂತಲ್ಲ ಎಂದು ಕೆಲವರು ಹೇಳುತ್ತಾರೆ. ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಮಾದರಿ. ರಾಜ್ಯ ಅದನ್ನು ತನ್ನದಾಗಿಸಿಕೊಂಡ ಮೇಲಷ್ಟೇ ಕಾನೂನು. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಈಗ ಆ ಬೆಲೆಗೆ ಕೊಟ್ಟಿಗೆಯೂ ಸಿಗುವುದಿಲ್ಲ. ಆದ್ದರಿಂದ ನಿಮ್ಮ ರಕ್ಷಣೆ ಎಂದರೆ ನೀವು ಸಹಿ ಹಾಕುವ ಕರಾರುಪತ್ರವೇ. ಅದನ್ನು ಓದಿ.

ಕರಾರು 11 ತಿಂಗಳಿಗೆ ಇರುತ್ತದೆ, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಅದರಲ್ಲಿ ಅಡ್ವಾನ್ಸಿನ ಮೊತ್ತ, ಮನೆ ಬಿಟ್ಟ ಎಷ್ಟು ದಿನದಲ್ಲಿ ಅದು ವಾಪಸ್ ಬರಬೇಕು, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡಲು ಎಷ್ಟು ತಿಂಗಳ ನೋಟಿಸು ಎಂಬುದು ಬರಹದಲ್ಲಿರಲಿ. ನೋಟಿಸಿನ ಮಾತೇ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 15 ದಿನ ಅನ್ವಯಿಸುತ್ತದೆ, ಅದು ಇಬ್ಬರಿಗೂ ಸಾಲದು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ನನ್ನ ಮಗಳ ಮೊದಲ ಮನೆಯಲ್ಲಿ ಅದು ಬಾಯಿಮಾತಾಗಿತ್ತು. ಬಿಡುವಾಗ ಎರಡು ತಿಂಗಳಿನದ್ದು ಕಳೆದರು, ಮೊದಲೇ ಇದ್ದ ಒಡೆದ ಸಿಂಕಿನ ಖರ್ಚನ್ನೂ ಹಾಕಿದರು. ಅವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ಆಮೇಲೆ ನಾವು ಕಲಿತದ್ದು, ಕೀಲಿ ಕೈಗೆ ಬಂದ ದಿನವೇ ಸಿಂಕು, ನಲ್ಲಿ, ಕಿಟಕಿಯ ಗಾಜು, ಸ್ವಿಚ್ಚು, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು ಮಾಲೀಕರ ವಾಟ್ಸ್ಆ್ಯಪ್‌ಗೆ ಕಳಿಸುವುದು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ನೋಟು ಎಣಿಸಿ ಕೊಡಬೇಡಿ.

ಭೋಗ್ಯದ ಬಗ್ಗೆ ಊರಿನ ಹಿರಿಯರಿಗೆ ವಿಶೇಷವಾಗಿ ಹೇಳಬೇಕು. ಹತ್ತೋ ಹದಿನೈದೋ ಲಕ್ಷ ಒಮ್ಮೆಗೇ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಆಮೇಲೆ ದುಡ್ಡು ಪೂರ್ತಿ ವಾಪಸ್. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. ಆದರೆ ಭೋಗ್ಯಕ್ಕೆ ಕೊಡುವವರಲ್ಲಿ ಸಾಲದಲ್ಲಿ ಮುಳುಗಿದವರು ಬಹಳ. ಮನೆ ಬ್ಯಾಂಕಿಗೆ ಅಡವಿದ್ದು ಕಂತು ತಪ್ಪಿದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಲ್ಲಿ ಮನೆ ವಶಕ್ಕೆ ಪಡೆಯುತ್ತದೆ, ನಿಮ್ಮ ಹತ್ತು ಲಕ್ಷಕ್ಕೆ ಕೋರ್ಟು ಅಲೆಯಬೇಕು. ಮಾಲೀಕರಿಂದ ಬಾಡಿಗೆಗೆ ಹಿಡಿದು ಮತ್ತೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಮಾಯವಾಗುವ ಮಧ್ಯವರ್ತಿಗಳೂ ಇದ್ದಾರೆ. ಮಾಡಲೇಬೇಕಾದರೆ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ, ಖಾತೆ ಮತ್ತು ತೆರಿಗೆ ರಸೀದಿಯಲ್ಲಿರುವ ಹೆಸರಿನವರೇ ಎದುರು ಕೂತು ಸಹಿ ಮಾಡುವಂತೆ ನೋಡಿ, ಪತ್ರವನ್ನು ನೋಂದಣಿ ಮಾಡಿಸಿ. ಈ ಮೂರರಲ್ಲಿ ಒಂದಕ್ಕೆ ಅವರು ಹಿಂಜರಿದರೂ ಬಿಡಿ. ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ 1923ರಲ್ಲಿ ಹುಟ್ಟಿದ್ದೇ ಬೆಳೆಗಾರನ ದುಡಿಮೆ ನಡುವಿನವರ ಪಾಲಾಗಬಾರದೆಂದು. ಅಷ್ಟು ವರ್ಷ ಕಾಪಾಡಿಕೊಂಡ ದುಡ್ಡನ್ನು ಒಂದು ಸಹಿಗೆ ಒಪ್ಪಿಸಬೇಡಿ.

ಪಾಲಿನಲ್ಲಿರುವ ಹುಡುಗರು ಒಂದು ಪುಟ ಬರೆದಿಟ್ಟುಕೊಳ್ಳಲಿ. ನಾಲ್ಕು ಜನ ಸೇರಿ ಎರಡು ಕೋಣೆಯ ಮನೆ ಹಿಡಿದಾಗ ಕರಾರು ಒಬ್ಬನ ಹೆಸರಿಗಿರುತ್ತದೆ. ಮೂರು ತಿಂಗಳಲ್ಲಿ ಒಬ್ಬನಿಗೆ ಹುಬ್ಬಳ್ಳಿಗೆ ವರ್ಗವಾಗುತ್ತದೆ, ಅವನ ಅಡ್ವಾನ್ಸ್ ಯಾರು ಕೊಡಬೇಕು ಎಂದು ಜಗಳ ಹುಟ್ಟುತ್ತದೆ. ನಾಲ್ವರ ಹೆಸರೂ ಕರಾರಿನಲ್ಲಿರಲಿ. ಬಿಡುವವನು ಮುಂದಿನವನನ್ನು ಕರೆತಂದು ಅವನಿಂದಲೇ ತನ್ನ ಪಾಲು ಪಡೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಗ್ಯಾಸ್ ಸಂಪರ್ಕ ಕೈಸೇರುವವರೆಗೆ 5 ಕಿಲೋ ಸಿಲಿಂಡರ್ ಸಾಕು, ಅದಕ್ಕೆ ವಿಳಾಸದ ದಾಖಲೆ ಕೇಳುವುದಿಲ್ಲ.

ಮನೆ ಸಿಗುವವರೆಗೆ ಪಿಜಿಯಲ್ಲಿ ಇರುವುದಾದರೆ ತಿಂಗಳ ಲೆಕ್ಕದಲ್ಲಿ ಇರಿ, ಮೂರು ತಿಂಗಳದ್ದು ಮುಂಗಡ ಕಟ್ಟಬೇಡಿ. ಸಂಬಳ ಕಡಿಮೆ ಇರುವ ಹೆಣ್ಣುಮಕ್ಕಳು ಕೇಂದ್ರದ ಸಖಿ ನಿವಾಸ ಯೋಜನೆಯ ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳಲ್ಲಿ ಜಾಗವಿದೆಯೇ ವಿಚಾರಿಸಬಹುದು.

ಅಕ್ಕನ ಮಗ ಈ ಬೇಸಿಗೆಯಲ್ಲಿ ಕೆಲಸ ಬದಲಿಸಿ ಮೈಸೂರಿಗೆ ಹೊರಟ. ಅಜ್ಜಿ ಪೇಂಟಿಂಗಿನದ್ದು ಒಂದು ತಿಂಗಳು ಹಿಡಿದು ಉಳಿದ ಅಡ್ವಾನ್ಸ್ ಅವನ ಖಾತೆಗೆ ಹಾಕಿದರು. ಕೀಲಿ ಕೊಡುವಾಗ ಅವರು, ‘ನಿಮ್ಮ ಕಡೆ ಹುಡುಗರು ಇನ್ನೂ ಯಾರಾದರೂ ಇದ್ದರೆ ಹೇಳಪ್ಪ, ಬೋರ್ಡು ಹಾಕೋಕೆ ನನಗೆ ಇಷ್ಟವಿಲ್ಲ’ ಎಂದರಂತೆ. ಆ ರಾತ್ರಿಯೇ ಅವನು ಯಲ್ಲಾಪುರದ ಗೆಳೆಯನೊಬ್ಬನಿಗೆ ಫೋನ್ ಮಾಡಿದ. ಭಾನುವಾರ ಬೆಳಗ್ಗೆ ಆ ಹುಡುಗ ಯಶವಂತಪುರದಲ್ಲಿ ರೈಲಿಳಿದು, ಚೀಲ ಹೊತ್ತುಕೊಂಡೇ ನಡೆದು ಓಣಿಗೆ ಬಂದು, ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿದನಂತೆ.